'ಅನ್', 'ಇನ್', 'ಡಿಸ್' ಎಲ್ಲಿ ಕೈಕೊಡುತ್ತಿವೆ? ಇಂಗ್ಲಿಷ್ ಪದಗಳ ದೋಷ ನಿವಾರಣೆ ಕೈಪಿಡಿ

ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಬಾಡಿಗೆ ರೂಮುಗಳಲ್ಲಿ ಕೂತು ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುವವರಲ್ಲಿ ಹಾವೇರಿ, ಗದಗ ಕಡೆಯ ಹುಡುಗ ಹುಡುಗಿಯರು ಬಹಳ. ಹೆಚ್ಚಿನವರದು ಕನ್ನಡ ಮಾಧ್ಯಮ. ಲೆಕ್ಕ, ಇತಿಹಾಸ, ಸಂವಿಧಾನ ಎಲ್ಲಾ ಬರುತ್ತದೆ. ಇಂಗ್ಲಿಷ್ ವೊಕ್ಯಾಬುಲರಿ ಎಂದ ಕೂಡಲೇ "ಸರ, ಎಷ್ಟ್ ಬಾಯಿಪಾಠ ಮಾಡಿದ್ರೂ ತಲ್ಯಾಗ ನಿಲ್ಲಂಗಿಲ್ರಿ" ಎನ್ನುತ್ತಾರೆ.

ಅವರ ನೋಟ್‌ಬುಕ್ ತೆಗೆದು ನೋಡಿದರೆ ಕಾರಣ ಕಾಣುತ್ತದೆ. 'ಹ್ಯಾಪಿ' ಒಂದು ಪುಟದಲ್ಲಿ, 'ಅನ್‌ಹ್ಯಾಪಿ' ಇನ್ನೆಲ್ಲೋ. ಎರಡಕ್ಕೂ ಬೇರೆ ಬೇರೆ ಬಾಯಿಪಾಠ. ಪದದ ಶುರುವಿಗೆ ಅಂಟಿಕೊಂಡು ಅರ್ಥವನ್ನು ತಿರುಗಿಸುವ 'ಅನ್', 'ಇನ್', 'ಡಿಸ್', 'ಮಿಸ್', 'ನಾನ್' ಎಂಬ ಉಪಸರ್ಗಗಳು ಕೈವಶವಾದರೆ ಒಂದು ಪದ ಕಲಿತವರಿಗೆ ಇನ್ನೊಂದೆರಡು ಪುಕ್ಕಟೆ ಸಿಗುತ್ತವೆ. ಆದರೆ ಎಡವಟ್ಟು ಮಾಡುವುದೂ ಇವೇ.

ಕೆಳಗೆ ಒಂದೊಂದು ಲಕ್ಷಣಕ್ಕೂ ಒಂದೊಂದು ಭಾಗ ಇದೆ. ಸುಲಭದ ತಪಾಸಣೆಗಳು ಮೊದಲು, ಕಷ್ಟದವು ಆಮೇಲೆ. ನಿಮ್ಮ ತೊಂದರೆ ಎಲ್ಲಿ ಬಗೆಹರಿಯುತ್ತದೋ ಅಲ್ಲೇ ನಿಲ್ಲಿಸಬಹುದು. ಬೇಕಾಗುವುದು ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಮೊಬೈಲ್‌ನಲ್ಲಿ ಒಂದು ಡಿಕ್ಷನರಿ. ಕೇಂಬ್ರಿಜ್ ಆಗಲಿ ಆಕ್ಸ್‌ಫರ್ಡ್ ಲರ್ನರ್ಸ್ ಆಗಲಿ, ಎರಡೂ ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಉಚ್ಚಾರವನ್ನೂ ಕೇಳಿಸುತ್ತವೆ.

ಎಲ್ಲಕ್ಕಿಂತ ಮೊದಲು: ಹೆಬ್ಬೆರಳಿನ ತಪಾಸಣೆ

ಯಾವ ಲಕ್ಷಣವೇ ಇರಲಿ, ಇದನ್ನು ಮಾಡದೆ ಮುಂದೆ ಹೋಗಬೇಡಿ. ಅರ್ಥವಾಗದ ಪದದ ಉಪಸರ್ಗದ ಮೇಲೆ ಹೆಬ್ಬೆರಳು ಇಡಿ. ಉಳಿದ ಪದ ನಿಮಗೆ ಗೊತ್ತಾ?

'ಅನ್‌ಪ್ರೆಸಿಡೆಂಟೆಡ್' ಅರ್ಥವಾಗಲಿಲ್ಲ ಎಂದಿಟ್ಟುಕೊಳ್ಳಿ. ಬೆರಳಿಟ್ಟರೆ 'ಪ್ರೆಸಿಡೆಂಟ್' ಎಂಬ ಭಾಗ ಉಳಿಯುತ್ತದೆ. ರಾಷ್ಟ್ರಪತಿ ಎಂಬ ಅರ್ಥದ ಪದವಲ್ಲ ಇದು, ಸ್ಪೆಲಿಂಗ್ ಬೇರೆ. ಹಿಂದೆ ನಡೆದ ಉದಾಹರಣೆ, ಪೂರ್ವನಿದರ್ಶನ ಎಂದು ಅರ್ಥ. ಅದು ಗೊತ್ತಿಲ್ಲದಿದ್ದರೆ 'ಅನ್' ಗೊತ್ತಿದ್ದೂ ಉಪಯೋಗವಿಲ್ಲ. ಗೊತ್ತಿದ್ದರೆ 'ಹಿಂದೆಂದೂ ಆಗದ' ಎಂಬ ಅರ್ಥ ತಾನಾಗಿ ಬರುತ್ತದೆ. ಕನ್ನಡದ 'ಅಭೂತಪೂರ್ವ' ಕೂಡ ಹೀಗೇ ಕಟ್ಟಿದ ಪದ.

ಉಳಿದ ಪದ ಗೊತ್ತಿಲ್ಲ ಎಂದಾದರೆ ದೋಷ ಉಪಸರ್ಗದಲ್ಲಿಲ್ಲ. ಮೂಲಪದ ಕಲಿಯಿರಿ, ಅಷ್ಟೇ ಸಾಕು. ಉಪಸರ್ಗ ಕಲಿಸುವ ಎಷ್ಟೋ ಪಾಠಗಳು ದಾರಿ ತಪ್ಪುವುದು ಇಲ್ಲಿಯೇ. ಹುಡುಗರಿಗೆ 'ಅನ್' ಅಂದರೆ ಇಲ್ಲ ಎಂದು ಹತ್ತು ಸಲ ಹೇಳಿಕೊಡುತ್ತಾರೆ. ಅದು ಅವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಹಿಂದಿನ ಪದ.

ಲಕ್ಷಣ: 'ಇಲ್ಲ' ಎಂಬ ಅರ್ಥ ಹಾಕಿ ಓದಿದೆ, ವಾಕ್ಯವೇ ತಲೆಕೆಳಗಾಯಿತು

ಪದ ನೋಡಲು ನಿಷೇಧದ ಹಾಗಿದೆ, ಆದರೆ ನಿಷೇಧ ಅಲ್ಲ. ಇಂಥ ಸುಳ್ಳು ಉಪಸರ್ಗಗಳು ಬಹಳ ಇವೆ. ಕನ್ನಡದಲ್ಲಿ 'ಅನ್ಯಾಯ'ದ 'ಅ' ನಿಷೇಧ, ಆದರೆ 'ಅಕ್ಕ', 'ಅರಸ', 'ಅಡಿಕೆ'ಯ 'ಅ' ನಿಷೇಧ ಅಲ್ಲ ಅಲ್ವಾ? ಇಂಗ್ಲಿಷಿನಲ್ಲೂ ಹಾಗೆಯೇ.

'ಅಂಕಲ್', 'ಅಂಡರ್', 'ಅಂಟಿಲ್' ಶುರುವಾಗುವುದು ಯು, ಎನ್ ಎಂಬ ಎರಡು ಅಕ್ಷರದಿಂದಲೇ. ಬೆರಳಿಟ್ಟರೆ ಉಳಿಯುವ ತುಂಡಿಗೆ ಅರ್ಥವಿಲ್ಲ. ಇವು ಸುಲಭವಾಗಿ ಸಿಕ್ಕಿಬೀಳುತ್ತವೆ. 'ಯೂನಿಟ್', 'ಯೂನಿಯನ್', 'ಯೂನಿಫಾರ್ಮ್', 'ಯುನಾನಿಮಸ್' ಇವುಗಳಲ್ಲಿರುವುದು 'ಒಂದು' ಎಂಬ ಅರ್ಥದ ಲ್ಯಾಟಿನ್ ಪದ. ಪಂಚಾಯಿತಿ ಸುದ್ದಿಗಳಲ್ಲಿ ಇದು ಕೆಲಸಕ್ಕೆ ಬರುತ್ತದೆ. 'ಯುನಾನಿಮಸ್' ಅಂದರೆ ಎಲ್ಲರದ್ದೂ ಒಂದೇ ಮನಸ್ಸು, ಸರ್ವಾನುಮತ. 'ಅನ್‌ಅಪೋಸ್ಡ್' ಅಂದರೆ ಎದುರಾಳಿಯೇ ಇಲ್ಲ, ಅವಿರೋಧ. ಮೊದಲನೆಯದರಲ್ಲಿ ನಿಷೇಧವಿಲ್ಲ, ಎರಡನೆಯದರಲ್ಲಿ ಇದೆ.

ಜಾಸ್ತಿ ಮೋಸ ಮಾಡುವುದು 'ಇನ್' ಮತ್ತು 'ಇಂ'. ಲ್ಯಾಟಿನ್‌ನಲ್ಲಿ ಎರಡು 'ಇನ್' ಇದ್ದವು. ಒಂದಕ್ಕೆ 'ಅಲ್ಲ' ಎಂಬ ಅರ್ಥ, ಇನ್ನೊಂದಕ್ಕೆ 'ಒಳಗೆ' ಎಂಬ ಅರ್ಥ. 'ಇಂಪೋರ್ಟ್' ಅಂದರೆ ಒಳಗೆ ತರುವುದು, 'ಇಮಿಗ್ರೆಂಟ್' ಅಂದರೆ ಒಳಗೆ ಬಂದು ನೆಲೆಸಿದವ. ನಮ್ಮ ರೈತರ ಮನೆಗಳಲ್ಲಿ ದಿನಾ ಕೇಳುವ 'ಇರಿಗೇಷನ್' ಕೂಡ ಇದೇ ಗುಂಪು. ಹೊಲದ ಒಳಗೆ ನೀರು ಹಾಯಿಸುವುದು. 'ಇರ್‌ರೆಗ್ಯುಲರ್' ನೋಡಿದ ಕಣ್ಣಿಗೆ 'ಇರಿಗೇಷನ್' ಕೂಡ ನಿಷೇಧದಂತೆ ಕಾಣಬಹುದು. ನೀರಾವರಿ ಇಲ್ಲದ ಹೊಲಕ್ಕೆ 'ಅನ್‌ಇರಿಗೇಟೆಡ್' ಎನ್ನುತ್ತಾರೆ. ಒಂದೇ ಪದದಲ್ಲಿ ಒಂದು ನಿಜವಾದ ಉಪಸರ್ಗ, ಅದರ ಹಿಂದೆ ಒಂದು ಸುಳ್ಳು ಉಪಸರ್ಗ.

ಬೆರಳಿಟ್ಟಾಗ ಉಳಿಯುವುದು ನಿಜವಾದ ಪದವೇ ಆಗಿದ್ದರೂ ಮೋಸ ಇರಬಹುದು. 'ಇಂಪ್ರೂವ್'ನಲ್ಲಿ 'ಪ್ರೂವ್' ಸಿಗುತ್ತದೆ. ಆದರೆ ಸುಧಾರಿಸುವುದು ಸಾಬೀತು ಮಾಡುವುದರ ವಿರುದ್ಧ ಅಲ್ಲ. 'ಇನ್‌ಫಾರ್ಮ್'ನಲ್ಲಿ 'ಫಾರ್ಮ್', 'ಡಿಸ್‌ಪ್ಲೇ'ನಲ್ಲಿ 'ಪ್ಲೇ' ಸಿಗುತ್ತವೆ, ವಿರುದ್ಧಾರ್ಥ ಸಿಗುವುದಿಲ್ಲ. ಹಾಗಾಗಿ ತಪಾಸಣೆ ಎರಡು ಹಂತದ್ದು. ಉಳಿದದ್ದು ಪದವಾ? ಹೌದಾದರೆ, ಅದರ ಉಲ್ಟಾ ಅರ್ಥ ವಾಕ್ಯಕ್ಕೆ ಕೂರುತ್ತದಾ? ಎರಡಕ್ಕೂ ಹೌದು ಎಂದಾದರೆ ಮಾತ್ರ ನಿಷೇಧ ಎಂದು ನಂಬಿ.

ಲಕ್ಷಣ: 'ಅನ್‌ಪಾಸಿಬಲ್', 'ಇನ್‌ಹ್ಯಾಪಿ' ಎಂದು ಬರೆದುಬಿಡುತ್ತೇನೆ

ಅರ್ಥ ಗೊತ್ತು, ಯಾವ ಉಪಸರ್ಗ ಎಂಬುದು ಗೊತ್ತಿಲ್ಲ. ಇದು ಎಲ್ಲರಿಗೂ ಇರುವ ತೊಂದರೆ.

ಮೊದಲ ತಪಾಸಣೆ ಬಾಯಲ್ಲೇ ಇದೆ. 'ಸಂತೆ' ಎಂದು ಹೇಳಿ. ಆಮೇಲೆ 'ಸಂಪು' ಎಂದು ಹೇಳಿ. ಬರೆಯುವುದು ಅದೇ ಸೊನ್ನೆ. ಆದರೆ 'ಸಂತೆ'ಯಲ್ಲಿ ನಾಲಿಗೆ ಹಲ್ಲಿಗೆ ತಾಗಿ 'ನ್' ಬರುತ್ತದೆ, 'ಸಂಪು'ವಿನಲ್ಲಿ ತುಟಿ ಮುಚ್ಚಿ 'ಮ್' ಬರುತ್ತದೆ. ಮುಂದಿನ ಅಕ್ಷರಕ್ಕೆ ಬಾಯಿ ಮೊದಲೇ ತಯಾರಾಗುತ್ತದೆ. ಲ್ಯಾಟಿನ್ 'ಇನ್' ಕೂಡ ಇದೇ ಕೆಲಸ ಮಾಡುತ್ತದೆ. ಪ, ಬ, ಮ ಮುಂದೆ ಬಂದರೆ ಅದು 'ಇಂ' ಆಗುತ್ತದೆ: 'ಇಂಪಾಸಿಬಲ್', 'ಇಂಬ್ಯಾಲೆನ್ಸ್', 'ಇಮ್ಮೆಚ್ಯೂರ್'. ಲ ಮುಂದೆ ಬಂದರೆ 'ಇಲ್': 'ಇಲ್‌ಲೀಗಲ್', 'ಇಲ್‌ಲಾಜಿಕಲ್'. ರ ಮುಂದೆ ಬಂದರೆ 'ಇರ್': 'ಇರ್‌ರೆಗ್ಯುಲರ್', 'ಇರ್‌ರೆಸ್ಪಾನ್ಸಿಬಲ್'. ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದು ಹೊಸದಲ್ಲ. 'ತತ್' ಮತ್ತು 'ಲೀನ' ಸೇರಿ 'ತಲ್ಲೀನ' ಆಗುತ್ತದಲ್ಲ, ಅದೇ ಜಾತಿಯ ಬದಲಾವಣೆ. ಇನ್, ಇಂ, ಇಲ್, ಇರ್ ಎಂದು ನಾಲ್ಕು ಉಪಸರ್ಗ ಕಲಿಯುವ ಅಗತ್ಯವೇ ಇಲ್ಲ. ಇರುವುದು ಒಂದೇ, ಮುಂದಿನ ಅಕ್ಷರ ನೋಡಿ ವೇಷ ಬದಲಿಸುತ್ತದೆ.

'ಅನ್' ಹೀಗೆ ಬದಲಾಗುವುದಿಲ್ಲ. 'ಅನ್‌ಪೇಡ್', 'ಅನ್‌ಲಕ್ಕಿ', 'ಅನ್‌ರಿಯಲ್'. ಮುಂದೆ ಯಾವ ಅಕ್ಷರ ಬಂದರೂ ಯು, ಎನ್ ಹಾಗೇ ಇರುತ್ತವೆ.

ಹಾಗಾದರೆ ಯಾವ ಪದಕ್ಕೆ 'ಅನ್', ಯಾವುದಕ್ಕೆ 'ಇನ್'? ಇದಕ್ಕೆ ಉತ್ತರ ಹುಬ್ಬಳ್ಳಿ ಮಾತಿನಲ್ಲೇ ಇದೆ. ನಾವು 'ಬೇಜವಾಬ್ದಾರಿ' ಎನ್ನುತ್ತೇವೆ, 'ಅಜವಾಬ್ದಾರಿ' ಎನ್ನುವುದಿಲ್ಲ. 'ಅನ್ಯಾಯ' ಎನ್ನುತ್ತೇವೆ, 'ಬೇನ್ಯಾಯ' ಎನ್ನುವುದಿಲ್ಲ. 'ಗೈರುಹಾಜರಿ', 'ನಾಲಾಯಕ್' ಕೂಡ ಹಾಗೇ. ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಪದ ಅಲ್ಲಿಯ ಉಪಸರ್ಗವನ್ನೇ ಜೊತೆಗೆ ತಂದಿದೆ, ಸಂಸ್ಕೃತದ ಪದ ಸಂಸ್ಕೃತದ್ದನ್ನು. ಇಂಗ್ಲಿಷಿನಲ್ಲೂ ಪದಗಳ ಮನೆತನ ಎರಡು. ಒಂದು ಹಳೆಯ ಇಂಗ್ಲಿಷ್. ಇನ್ನೊಂದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್‌ನಿಂದ ದೊಡ್ಡ ಪ್ರಮಾಣದಲ್ಲಿ ಬಂದ ಪದಗಳು. 'ಕೈಂಡ್', 'ಟ್ರೂ', 'ವೈಸ್', 'ವೆಲ್' ಇಂಥ ಮನೆಬಳಕೆಯ ಸಣ್ಣ ಪದಗಳಿಗೆ 'ಅನ್' ಸೇರುತ್ತದೆ. ಲ್ಯಾಟಿನ್ ಮನೆತನದ ಉದ್ದ ಪದಗಳಿಗೆ ಹೆಚ್ಚಾಗಿ 'ಇನ್' ಸೇರುತ್ತದೆ.

ಪದದ ಮನೆತನ ಗೊತ್ತಾಗದಿದ್ದರೆ ಬಾಲ ನೋಡಿ.

- ಇ-ಡಿ ಅಥವಾ ಐ-ಎನ್-ಜಿ ಬಾಲ ಇದ್ದರೆ ಮೊದಲು 'ಅನ್' ಹಾಕಿ ನೋಡಿ: 'ಅನ್‌ಮ್ಯಾರಿಡ್', 'ಅನ್‌ಇಂಟರೆಸ್ಟಿಂಗ್'. 'ಇನ್‌ಎಕ್ಸ್‌ಪೀರಿಯನ್ಸ್ಡ್' ಹೊರತು, ಅದನ್ನು ಬೇರೆಯಾಗಿ ನೆನಪಿಡಿ.
- ಐ-ಬಿ-ಎಲ್-ಇ ಬಾಲಕ್ಕೆ ಸಾಮಾನ್ಯವಾಗಿ 'ಇನ್' ಗುಂಪು: 'ಇನ್‌ವಿಸಿಬಲ್', 'ಇಂಪಾಸಿಬಲ್'.
- ಎ-ಬಿ-ಎಲ್-ಇ ಬಾಲಕ್ಕೆ ಎರಡೂ ಬರುತ್ತವೆ: 'ಅನ್‌ಬಿಲೀವಬಲ್', 'ಇನ್‌ಕೇಪಬಲ್'. ಇಲ್ಲಿ ಡಿಕ್ಷನರಿ ನೋಡುವುದೇ ಒಳ್ಳೆಯದು.
- ಇ-ಎನ್-ಟಿ, ಎ-ಎನ್-ಟಿ ಬಾಲಕ್ಕೆ ಸಾಮಾನ್ಯವಾಗಿ 'ಇನ್' ಗುಂಪು: 'ಇನ್‌ಡಿಪೆಂಡೆಂಟ್', 'ಇರ್‌ರೆಲೆವೆಂಟ್'.
- 'ಫುಲ್' ಬಾಲಕ್ಕೆ ಎಷ್ಟೋ ಸಲ ಉಪಸರ್ಗವೇ ಬೇಡ. ಬಾಲ ಬದಲಿಸಿ: 'ಯೂಸ್‌ಫುಲ್' ಹೋಗಿ 'ಯೂಸ್‌ಲೆಸ್', 'ಕೇರ್‌ಫುಲ್' ಹೋಗಿ 'ಕೇರ್‌ಲೆಸ್'. 'ಅನ್‌ಯೂಸ್‌ಫುಲ್' ಎಂದು ಯಾರೂ ಬರೆಯುವುದಿಲ್ಲ.

ಪರೀಕ್ಷೆಗೆ ಓದುವವರು ಇನ್ನೊಂದು ತಿರುವನ್ನು ನೋಡಿಟ್ಟುಕೊಳ್ಳಲೇಬೇಕು. ಗುಣವಾಚಕಕ್ಕೆ 'ಅನ್' ಇದ್ದರೂ ಅದರ ನಾಮಪದಕ್ಕೆ 'ಇನ್' ಬರುವ ಪದಗಳಿವೆ. 'ಅನ್‌ಏಬಲ್', ಆದರೆ 'ಇನ್‌ಎಬಿಲಿಟಿ'. 'ಅನ್‌ಈಕ್ವಲ್', ಆದರೆ 'ಇನ್‌ಈಕ್ವಾಲಿಟಿ'. 'ಅನ್‌ಸ್ಟೇಬಲ್', ಆದರೆ 'ಇನ್‌ಸ್ಟೆಬಿಲಿಟಿ'. 'ಅನ್‌ಜಸ್ಟ್', ಆದರೆ 'ಇನ್‌ಜಸ್ಟೀಸ್'. ಈ ನಾಲ್ಕು ಜೋಡಿ ಬಂದರೆ ಇಂಥ ಪ್ರಶ್ನೆಗಳು ಬಹಳಷ್ಟು ಹಗುರಾಗುತ್ತವೆ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಹೋಗುತ್ತದೆ. ಅಂದಾಜಿನ ಮೇಲೆ ಉಪಸರ್ಗ ಹಾಕುವ ಜಾಗ ಅದಲ್ಲ.

ಲಕ್ಷಣ: ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರವೋ ಎರಡೋ ತಿಳಿಯುವುದಿಲ್ಲ

ಇದು ಬೇಗ ಸರಿಹೋಗುವ ದೋಷ. ಉಪಸರ್ಗ ಸೇರುವಾಗ ಎರಡೂ ಕಡೆಯ ಅಕ್ಷರಗಳು ಪೂರ್ತಿ ಉಳಿಯುತ್ತವೆ. ಯಾವುದನ್ನೂ ನುಂಗಬೇಡಿ, ಯಾವುದನ್ನೂ ಸೇರಿಸಬೇಡಿ.

'ಡಿಸ್' ಮತ್ತು 'ಅಪಿಯರ್' ಸೇರಿದರೆ ಎಸ್ ಒಂದೇ, ಯಾಕೆಂದರೆ 'ಅಪಿಯರ್'ನ ಶುರುವಿನಲ್ಲಿ ಎಸ್ ಇಲ್ಲ. 'ಡಿಸ್‌ಅಪಾಯಿಂಟ್' ಕೂಡ ಹಾಗೇ. 'ಡಿಸ್' ಮತ್ತು 'ಸ್ಯಾಟಿಸ್‌ಫೈಡ್' ಸೇರಿದರೆ ಎಸ್ ಎರಡು. 'ಮಿಸ್‌ಸ್ಪೆಲ್'ಗೂ ಎರಡು. 'ಅನ್‌ನೆಸೆಸರಿ'ಗೆ ಎನ್ ಎರಡು. 'ಇಲ್‌ಲೀಗಲ್'ಗೆ ಎಲ್ ಎರಡು, 'ಇಮ್ಮೆಚ್ಯೂರ್'ಗೆ ಎಂ ಎರಡು. ಬರೆದ ಮೇಲೆ ನಡುವೆ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯಿರಿ. ಗೀಟಿನ ಬಲಗಡೆ ಪೂರ್ತಿ ಪದ ಕಾಣಬೇಕು. ಕಾಣಲಿಲ್ಲ ಎಂದರೆ ಒಂದು ಅಕ್ಷರ ಕಳೆದಿದೆ.

ಲಕ್ಷಣ: 'ಅನ್‌ಲಾಕ್' ಅಂದರೆ ಲಾಕ್ ಮಾಡಲಿಲ್ಲ ಎಂದು ಓದುತ್ತೇನೆ

'ಅನ್' ಎರಡು ಕೆಲಸ ಮಾಡುತ್ತದೆ. ಗುಣ ಹೇಳುವ ಪದಕ್ಕೆ ಸೇರಿದರೆ 'ಅಲ್ಲ' ಎಂದು ಅರ್ಥ. ಕ್ರಿಯಾಪದಕ್ಕೆ ಸೇರಿದರೆ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವುದು ಎಂದು ಅರ್ಥ. ಮೊಬೈಲ್ ಇರುವವರಿಗೆ ಈ ಎರಡನೆಯದು ಚೆನ್ನಾಗಿಯೇ ಗೊತ್ತಿದೆ. 'ಅನ್‌ಇನ್‌ಸ್ಟಾಲ್' ಮಾಡಬೇಕಾದರೆ ಮೊದಲು ಇನ್‌ಸ್ಟಾಲ್ ಆಗಿರಬೇಕು. 'ಅನ್‌ಬ್ಲಾಕ್' ಮಾಡಬೇಕಾದರೆ ಮೊದಲು ಬ್ಲಾಕ್ ಆಗಿರಬೇಕು. 'ಅನ್‌ಪ್ಯಾಕ್', 'ಅನ್‌ಜಿಪ್', 'ಅನ್‌ಡೂ' ಎಲ್ಲವೂ ಹೀಗೆ.

ತಪಾಸಣೆ: ಪದದ ಹಿಂದೆ 'ಪ್ಲೀಸ್' ಹಾಕಿ ನೋಡಿ. 'ಪ್ಲೀಸ್ ಅನ್‌ಲಾಕ್' ಹೇಳಬಹುದು, ಹಾಗಾಗಿ ಇದು ತಿರುಗಿಸುವ 'ಅನ್'. 'ಪ್ಲೀಸ್ ಅನ್‌ಹ್ಯಾಪಿ' ಹೇಳಲಾಗುವುದಿಲ್ಲ, ಹಾಗಾಗಿ ಇದು ಅಲ್ಲಗಳೆಯುವ 'ಅನ್'. ಎರಡೂ ಅರ್ಥ ಕೊಡುವ ಪದವೂ ಇದೆ. 'ಅನ್‌ಲಾಕಬಲ್' ಅಂದರೆ ಬೀಗ ತೆಗೆಯಬಹುದಾದದ್ದು ಎಂದೂ ಆಗುತ್ತದೆ, ಬೀಗ ಹಾಕಲಾಗದ್ದು ಎಂದೂ ಆಗುತ್ತದೆ. ಅಲ್ಲಿ ವಾಕ್ಯದ ಉಳಿದ ಭಾಗವೇ ತೀರ್ಮಾನಿಸಬೇಕು.

ಲಕ್ಷಣ: ಉಪಸರ್ಗ ಹಾಕಿದ ಪದ ಡಿಕ್ಷನರಿಯಲ್ಲಿದೆ, ಆದರೂ ಉತ್ತರ ತಪ್ಪು

ಒಂದೇ ಮೂಲಪದಕ್ಕೆ ಎರಡು ಉಪಸರ್ಗ, ಎರಡೂ ಸರಿಯಾದ ಪದ, ಅರ್ಥ ಮಾತ್ರ ಬೇರೆ. ಇಲ್ಲಿಂದ ಮುಂದೆ ಕಷ್ಟದ ತಪಾಸಣೆಗಳು.

'ಅನ್‌ಆರ್ಗನೈಸ್ಡ್' ಮತ್ತು 'ಡಿಸ್‌ಆರ್ಗನೈಸ್ಡ್' ತೆಗೆದುಕೊಳ್ಳಿ. ಹಮಾಲರು, ಮನೆಗೆಲಸದವರು, ಬೀದಿಬದಿ ವ್ಯಾಪಾರಿಗಳು 'ಅನ್‌ಆರ್ಗನೈಸ್ಡ್ ವರ್ಕರ್ಸ್', ಅಸಂಘಟಿತ ಕಾರ್ಮಿಕರು. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಇ-ಶ್ರಮ್ ನೋಂದಣಿ ಇವರಿಗಾಗಿಯೇ. ಇವರನ್ನು 'ಡಿಸ್‌ಆರ್ಗನೈಸ್ಡ್' ಎಂದು ಬರೆದರೆ ಅಸ್ತವ್ಯಸ್ತ ಜನ ಎಂದು ಬೈದ ಹಾಗಾಗುತ್ತದೆ. ಬೆಳಗಿನಿಂದ ಸಂಜೆತನಕ ಅಚ್ಚುಕಟ್ಟಾಗಿ ದುಡಿಯುವವರಿಗೆ ಆ ಪದ ಅನ್ವಯಿಸುವುದಿಲ್ಲ. ಅರ್ಜಿ ಬರೆಯುವವರು ಇಲ್ಲಿ ಎಚ್ಚರ ವಹಿಸಬೇಕು.

ಇಂಥ ಜೋಡಿಗಳನ್ನು ಬಿಡಿಸಲು ಒಂದು ಸಾಮಾನ್ಯ ಸೂತ್ರ ಇದೆ, ಎಲ್ಲ ಕಡೆ ಅಲ್ಲದಿದ್ದರೂ ಬಹಳ ಕಡೆ ನಡೆಯುತ್ತದೆ. 'ಅನ್' ಸುಮ್ನೆ ಇಲ್ಲ ಎನ್ನುತ್ತದೆ. 'ಡಿಸ್' ಇದ್ದದ್ದನ್ನು ಕಿತ್ತುಹಾಕುತ್ತದೆ ಅಥವಾ ಕೆಡಿಸುತ್ತದೆ. 'ಮಿಸ್' ತಪ್ಪಾಗಿ ಮಾಡಿದ್ದನ್ನು ಹೇಳುತ್ತದೆ. 'ನಾನ್' ಆ ಗುಂಪಿಗೆ ಸೇರಿಲ್ಲ ಎನ್ನುತ್ತದೆ, ಅದರಲ್ಲಿ ಬೈಗುಳವಿಲ್ಲ.

'ಅನ್‌ಕ್ವಾಲಿಫೈಡ್' ಅಂದರೆ ಅರ್ಹತೆಯೇ ಇಲ್ಲದವರು. 'ಡಿಸ್‌ಕ್ವಾಲಿಫೈಡ್' ಅಂದರೆ ಕಣದಲ್ಲಿದ್ದರು, ಅನರ್ಹಗೊಳಿಸಿದರು. 'ಅನ್‌ಯೂಸ್ಡ್' ಬಳಸದೆ ಉಳಿದದ್ದು, 'ಮಿಸ್‌ಯೂಸ್ಡ್' ದುರುಪಯೋಗ ಆದದ್ದು. ಸರ್ಕಾರಿ ಅನುದಾನದ ಬಗ್ಗೆ ಬರೆಯುವಾಗ ಈ ಎರಡರ ನಡುವೆ ಎಷ್ಟು ಅಂತರ ಇದೆ ನೋಡಿ. 'ಅನ್‌ಇನ್‌ಫಾರ್ಮ್ಡ್' ವ್ಯಕ್ತಿಗೆ ಮಾಹಿತಿಯೇ ಸಿಕ್ಕಿಲ್ಲ, 'ಮಿಸ್‌ಇನ್‌ಫಾರ್ಮ್ಡ್' ವ್ಯಕ್ತಿಗೆ ತಪ್ಪು ಮಾಹಿತಿ ಸಿಕ್ಕಿದೆ. 'ನಾನ್‌ಹ್ಯೂಮನ್' ಅಂದರೆ ಮನುಷ್ಯರಲ್ಲದ ಜೀವಿ, 'ಇನ್‌ಹ್ಯೂಮನ್' ಅಂದರೆ ಅಮಾನುಷ.

'ಅನ್‌ಇಂಟರೆಸ್ಟೆಡ್' ಮತ್ತು 'ಡಿಸ್‌ಇಂಟರೆಸ್ಟೆಡ್' ಈ ಸೂತ್ರಕ್ಕೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಮೊದಲನೆಯದು ಆಸಕ್ತಿ ಇಲ್ಲದವನು. ಎರಡನೆಯದು ಸ್ವಂತ ಲಾಭ ನೋಡದವನು, ನಿಷ್ಪಕ್ಷಪಾತಿ. ನ್ಯಾಯಾಧೀಶರು 'ಡಿಸ್‌ಇಂಟರೆಸ್ಟೆಡ್' ಆಗಿರಬೇಕು, 'ಅನ್‌ಇಂಟರೆಸ್ಟೆಡ್' ಆಗಿರಬಾರದು. ಇವೆರಡನ್ನು ಒಂದೇ ಅರ್ಥದಲ್ಲಿ ಬಳಸುವವರು ಇಂಗ್ಲಿಷ್ ನಾಡುಗಳಲ್ಲೂ ಇದ್ದಾರೆ. ಪರೀಕ್ಷೆಯಲ್ಲಿ ಮಾತ್ರ ಹಳೆಯ ವ್ಯತ್ಯಾಸವನ್ನೇ ಹಿಡಿಯಿರಿ.

ಲಕ್ಷಣ: ಪದ ಹೆದರಿಸುತ್ತದೆ, ಅಥವಾ ಧೈರ್ಯ ಕೊಡುತ್ತದೆ, ಎರಡೂ ತಪ್ಪು

ಈ ಭಾಗವನ್ನು ಯಾರೂ ಬಿಡಬೇಡಿ. ಇಲ್ಲಿ ಹೋಗುವುದು ಬರೀ ಅಂಕ ಅಲ್ಲ.

ಪಿ.ಬಿ. ರೋಡಿನಲ್ಲಿ (ಪುಣೆ-ಬೆಂಗಳೂರು ರಸ್ತೆ) ಹೋಗುವ ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗಳ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಎಂದು ಕೆಂಪಕ್ಷರದಲ್ಲಿ ಬರೆದಿರುವುದನ್ನು ನೋಡಿರುತ್ತೀರಿ. 'ಇನ್' ಇದೆ ಎಂದು ಬೆಂಕಿ ಹತ್ತುವುದಿಲ್ಲ ಎಂದು ತಿಳಿದರೆ ಅಪಾಯ. ಇದು 'ಒಳಗೆ' ಎಂಬ ಅರ್ಥದ 'ಇನ್'. 'ಇನ್‌ಫ್ಲೇಮಬಲ್' ಮತ್ತು 'ಫ್ಲೇಮಬಲ್' ಎರಡಕ್ಕೂ ಒಂದೇ ಅರ್ಥ: ಸುಲಭವಾಗಿ ಬೆಂಕಿ ಹತ್ತುವಂಥದ್ದು. ಹತ್ತದ ವಸ್ತುವಿಗೆ 'ನಾನ್-ಫ್ಲೇಮಬಲ್' ಎಂದು ಬರೆದಿರುತ್ತಾರೆ. ಪೇಂಟ್ ಅಂಗಡಿಯ ಥಿನ್ನರ್ ಡಬ್ಬಿ, ಸೊಳ್ಳೆ ಸ್ಪ್ರೇ, ಸ್ಯಾನಿಟೈಸರ್ ಬಾಟಲಿಗಳನ್ನು ತಿರುಗಿಸಿ ಓದಿ. 'ಇನ್‌ಫ್ಲೇಮಬಲ್', 'ಫ್ಲೇಮಬಲ್' ಎರಡರಲ್ಲಿ ಯಾವ ಪದ ಇದ್ದರೂ ಒಲೆ, ದೀಪ, ಬೀಡಿಯಿಂದ ದೂರ ಇಡಿ. ಮನೆಯಲ್ಲಿ ಹಿರಿಯರಿಗೂ ಇದನ್ನು ಹೇಳಿ.

ಇನ್ನೊಂದು ಕಡೆ ವಿನಾಕಾರಣ ಭಯ. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ 'ಲಿವರ್ ಈಸ್ ಅನ್‌ರಿಮಾರ್ಕಬಲ್' ಎಂದಿರುತ್ತದೆ. 'ರಿಮಾರ್ಕಬಲ್' ಅಂದರೆ ಶ್ಲಾಘನೀಯ, 'ಅನ್' ಬಂತು, ಅಂದರೆ ಲಿವರ್ ಕೆಟ್ಟಿದೆ ಎಂದು ರಾತ್ರಿಯಿಡೀ ನಿದ್ದೆ ಬಿಡುವವರಿದ್ದಾರೆ. ಅಲ್ಲಿ ಅದರ ಅರ್ಥ ವಿಶೇಷವಾಗಿ ಗುರುತಿಸುವಂಥ ತೊಂದರೆ ಏನೂ ಕಾಣಲಿಲ್ಲ ಎಂದು. ಡಿಸ್ಚಾರ್ಜ್ ಚೀಟಿಯಲ್ಲಿ 'ಅನ್‌ಇವೆಂಟ್‌ಫುಲ್' ಎಂದಿದ್ದರೂ ಹಾಗೆಯೇ, ಆಪರೇಷನ್ ಆದ ಮೇಲೆ ಯಾವ ತೊಡಕೂ ಆಗಲಿಲ್ಲ ಎಂದರ್ಥ. ಆದರೆ ಪದ ಬಿಡಿಸಲು ಬಂತು ಎಂದು ರಿಪೋರ್ಟನ್ನು ನೀವೇ ತೀರ್ಮಾನಿಸಬೇಡಿ. ಅದನ್ನು ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು.

'ಇನ್‌ವ್ಯಾಲ್ಯುಬಲ್' ಎಂದು ಯಾರಾದರೂ ನಿಮ್ಮ ಕೆಲಸದ ಬಗ್ಗೆ ಬರೆದರೆ ಬೇಸರ ಪಡಬೇಡಿ. ಕನ್ನಡದ 'ಅಮೂಲ್ಯ' ನೆನೆಸಿಕೊಳ್ಳಿ. ಮೌಲ್ಯ ಇಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಇಂಗ್ಲಿಷಿನ 'ಅನ್', ಲ್ಯಾಟಿನ್‌ನ 'ಇನ್', ಸಂಸ್ಕೃತದ 'ಅ' ಮತ್ತು 'ಅನ್' ಎಲ್ಲವೂ ಒಂದೇ ಹಳೆಯ ಬೇರಿನಿಂದ ಒಡೆದವು. ಅದಕ್ಕೇ 'ಅನ್‌ಸೀಸನಲ್ ರೇನ್' ನಮಗೆ 'ಅಕಾಲಿಕ ಮಳೆ', 'ಇನ್‌ವಿಸಿಬಲ್' ನಮಗೆ 'ಅದೃಶ್ಯ'. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 'ಅನಾರೋಗ್ಯ', 'ಅನಗತ್ಯ', 'ಅನುಚಿತ' ಬಲ್ಲವರಿಗೆ ಈ ಯಂತ್ರ ಹೇಗೆ ಓಡುತ್ತದೆ ಎಂಬುದು ಮೊದಲೇ ಗೊತ್ತಿದೆ.

ಲಕ್ಷಣ: ಒಂದೇ ವಾಕ್ಯದಲ್ಲಿ ಎರಡು 'ಇಲ್ಲ' ಬಂದರೆ ಕೈಕಾಲು ಆಡುವುದಿಲ್ಲ

'ವಿಚ್ ಸ್ಟೇಟ್‌ಮೆಂಟ್ ಈಸ್ ನಾಟ್ ಇನ್‌ಕರೆಕ್ಟ್' ಎಂದು ಕೇಳುತ್ತಾರೆ. ಗಡಿಯಾರ ಓಡುತ್ತಿರುತ್ತದೆ, ಹುಡುಗ ತಪ್ಪಾದ ಹೇಳಿಕೆಯನ್ನೇ ಆರಿಸಿ ಬರುತ್ತಾನೆ. ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ನಿಷೇಧದ ಮೇಲೂ ಒಂದು ಮೈನಸ್ ಗುರುತು ಹಾಕಿ. 'ನಾಟ್' ಮೇಲೊಂದು, 'ಇನ್' ಮೇಲೊಂದು. ಎರಡು ಮೈನಸ್ ಜೊತೆಯಾಗಿ ಹೊಡೆದುಹೋಗುತ್ತವೆ. ಉಳಿದದ್ದು 'ಕರೆಕ್ಟ್'. ಕಂಪ್ಯೂಟರ್ ಪರೀಕ್ಷೆಯಾದರೆ ರಫ್ ಹಾಳೆಯಲ್ಲಿ ಮಾಡಿ.

ಉಪಸರ್ಗ ಇಲ್ಲದೆ ಒಳಗೊಳಗೇ ನಿಷೇಧ ಇಟ್ಟುಕೊಂಡ ಪದಗಳಿಗೂ ಮೈನಸ್ ಹಾಕಬೇಕು: 'ಹಾರ್ಡ್ಲಿ', 'ಸೆಲ್ಡಮ್', 'ವಿದೌಟ್', 'ಡಿನೈ'. ಮುಖ್ಯವಾಗಿ 'ಅನ್‌ಲೆಸ್'. ಅದರ ಹೊಟ್ಟೆಯಲ್ಲೇ 'ಇಲ್ಲದಿದ್ದರೆ' ಇದೆ. ಹಾಗಾಗಿ ನೀನು ಓದದಿದ್ದರೆ ಎನ್ನಲು 'ಅನ್‌ಲೆಸ್ ಯು ಸ್ಟಡಿ' ಸಾಕು. 'ಅನ್‌ಲೆಸ್ ಯು ಡೋಂಟ್ ಸ್ಟಡಿ' ಎಂದರೆ ಮಾತು ತಿರುಗಿಬೀಳುತ್ತದೆ. ನಮ್ಮ ಕಡೆ ಈ ತಪ್ಪು ಬಹಳ ಕೇಳುತ್ತದೆ.

ಒಂದು ಸೂಕ್ಷ್ಮ ಇದೆ. ಲೆಕ್ಕದಲ್ಲಿ ಹೊಡೆದುಹೋದರೂ ಮಾತಿನ ತೂಕ ಪೂರ್ತಿ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಧಾರವಾಡದ ಮಳೆ 'ನಾಟ್ ಅನ್‌ಕಾಮನ್' ಎಂದರೆ ದಿನಾ ಬರುತ್ತದೆ ಎಂದಲ್ಲ, ಅಪರೂಪವೇನಲ್ಲ ಎಂದು. 'ಊಟ ಹೆಂಗಿತ್ತು' ಎಂದರೆ 'ಕೆಟ್ಟ ಏನ್ ಇರಲಿಲ್ಲ' ಎನ್ನುತ್ತೇವಲ್ಲ, ಅದು 'ಭಾಳ ಚಲೋ ಇತ್ತು' ಎಂಬುದಕ್ಕಿಂತ ಕಡಿಮೆ. ಕಾಂಪ್ರಿಹೆನ್ಷನ್ ಪ್ಯಾಸೇಜ್‌ನಲ್ಲಿ ಲೇಖಕರ ಧೋರಣೆ ಕೇಳಿದಾಗ ಈ ಸಣ್ಣ ವ್ಯತ್ಯಾಸಕ್ಕೇ ಅಂಕ ಇರುತ್ತದೆ.

ಲಕ್ಷಣ: ಎಲ್ಲಾ ಅರ್ಥವಾಯಿತು, ವಾರ ಕಳೆದರೆ ನೆನಪಿಲ್ಲ

ಪಟ್ಟಿ ಬಾಯಿಪಾಠ ಮಾಡುವುದನ್ನು ನಿಲ್ಲಿಸಿ. ಪುಟದ ನಡುವೆ ಒಂದೇ ಮೂಲಪದ ಬರೆಯಿರಿ, 'ಏಬಲ್' ಎಂದಿರಲಿ. ಸುತ್ತಲೂ ಅದರ ಬಳಗ ಬರೆಯಿರಿ: 'ಅನ್‌ಏಬಲ್', 'ಎಬಿಲಿಟಿ', 'ಇನ್‌ಎಬಿಲಿಟಿ', 'ಡಿಸೇಬಲ್', 'ಡಿಸೆಬಿಲಿಟಿ', 'ಎನೇಬಲ್'. ಒಂದೊಂದಕ್ಕೂ ನಿಮ್ಮ ಊರಿನ, ನಿಮ್ಮ ಮನೆಯ ಒಂದು ವಾಕ್ಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ 'ಅನ್‌ಸೋಲ್ಡ್' ಆಗಿ ಉಳಿಯಿತು ಎಂದು ಬರೆದವರು ಆ ಪದವನ್ನು ಮರೆಯುವುದು ಕಷ್ಟ. ಮರುದಿನ ಪುಟ ಮುಚ್ಚಿ ಬಳಗವನ್ನು ಮತ್ತೆ ಬರೆಯಿರಿ. ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ನೋಡಿ ಓದುವುದಕ್ಕಿಂತ ಮುಚ್ಚಿ ನೆನಪಿಸಿಕೊಳ್ಳುವುದೇ ಹೆಚ್ಚು ಹಿಡಿಯುತ್ತದೆ.

ಹೊರಗೆ ಹೋದಾಗ ಕಣ್ಣು ತೆರೆದಿಡಿ. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು. ರೈಲು ತಡವಾದಾಗ ಅದರ ಮೇಲೆ ಒಂದು ಸುತ್ತು ಹಾಕಿ, ಬೋರ್ಡುಗಳನ್ನು ಓದಿ, ಅನೌನ್ಸ್‌ಮೆಂಟ್ ಕೇಳಿ. ನಾವು ಜನರಲ್ ಬೋಗಿ ಎನ್ನುವುದಕ್ಕೆ ರೈಲ್ವೆಯವರು 'ಅನ್‌ರಿಸರ್ವ್ಡ್' ಎನ್ನುತ್ತಾರೆ. ವಾರಸುದಾರರಿಲ್ಲದ ಚೀಲಕ್ಕೆ 'ಅನ್‌ಕ್ಲೇಮ್ಡ್', ಎಸಿ ಇಲ್ಲದ ಬೋಗಿಗೆ 'ನಾನ್-ಎಸಿ'. ಪ್ರತಿ ಪದಕ್ಕೂ ಹೆಬ್ಬೆರಳಿನ ತಪಾಸಣೆ ಮಾಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಸಾಲದ ಕಾಗದ, ಜಾಮೀನು ಪತ್ರ, ಜಮೀನಿನ ಕರಾರು ಕೈಗೆ ಬಂದಾಗ ಪದ ಬಿಡಿಸುವ ಅಭ್ಯಾಸ ಅಲ್ಲಿಗೇ ನಿಲ್ಲಲಿ. 'ಅನ್‌ಸೆಕ್ಯೂರ್ಡ್ ಲೋನ್' ಅಂದರೆ ಅಡಮಾನ ಇಲ್ಲದ ಸಾಲ, ತೀರಿಸಬೇಕಾಗಿಲ್ಲದ ಸಾಲ ಅಲ್ಲ. 'ಇರ್‌ರೆವೊಕಬಲ್' ಅಂದರೆ ಒಮ್ಮೆ ಕೊಟ್ಟ ಮೇಲೆ ವಾಪಸ್ ಪಡೆಯಲಾಗದ್ದು. 'ಅನ್‌ಕಂಡಿಷನಲ್' ಅಂದರೆ ಯಾವ ಷರತ್ತೂ ಇಲ್ಲದೆ ಒಪ್ಪಿಕೊಂಡದ್ದು. ಈ ಕೊನೆಯ ಎರಡು ಪದ ಜಾಮೀನುದಾರರ ಸಹಿಯ ಮೇಲಿನ ಸಾಲಿನಲ್ಲಿದ್ದರೆ ಪೆನ್ನು ಕೆಳಗಿಡಿ, ಗೊತ್ತಿರುವ ವಕೀಲರಿಗೆ ತೋರಿಸಿ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಅರ್ಹರಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ.

ಮಕ್ಕಳ ವಿಷಯ ಬೇರೆ. ಆರನೇ, ಏಳನೇ ತರಗತಿಯ ಮಗು ಉಪಸರ್ಗ ಗುರುತಿಸದಿದ್ದರೆ ಚಿಂತೆ ಇಲ್ಲ, ಅದು ಕಲಿಯುವ ವಯಸ್ಸು. ಆದರೆ ಕನ್ನಡ ಓದುವಾಗಲೂ ಅಕ್ಷರ ಅದಲುಬದಲಾಗುತ್ತಿದ್ದರೆ, ಸಾಲು ತಪ್ಪುತ್ತಿದ್ದರೆ, ಬಾಯಿಮಾತಿನಲ್ಲಿ ಚುರುಕಾಗಿದ್ದ ಮಗು ಪುಸ್ತಕ ಕಂಡರೆ ಅಳುತ್ತಿದ್ದರೆ ಪಾಠ ಹೇಳಿಕೊಡುವುದನ್ನು ಸ್ವಲ್ಪ ನಿಲ್ಲಿಸಿ. ಹೊಡೆಯಬೇಡಿ, ದಡ್ಡ ಎನ್ನಬೇಡಿ. ಮೊದಲು ಕಣ್ಣು ತೋರಿಸಿ, ಕಿವಿ ತೋರಿಸಿ. ಎರಡೂ ಸರಿ ಇದ್ದರೆ ಅದು ಓದಿಗೆ ಸಂಬಂಧಿಸಿದ ಕಲಿಕಾ ತೊಂದರೆ ಇರಬಹುದು. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಯ ಮನಃಶಾಸ್ತ್ರ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಮಗುವಿನ ಕನ್ನಡ ಮತ್ತು ಇಂಗ್ಲಿಷ್ ನೋಟ್‌ಬುಕ್ ಎರಡನ್ನೂ ಚೀಲದಲ್ಲಿ ಇಟ್ಟುಕೊಳ್ಳಿ, ತಪ್ಪುಗಳನ್ನು ಅಳಿಸದೆ.